ಇ ಬ್ಲಾಕಿಗೆ ಬಿದ್ದ ನಕ್ಷತ್ರ

ಜನವರಿ 6, ಸೋಮವಾರ

ಈ ಪುಸ್ತಕ ಕೊಂಡದ್ದು ನನ್ನ ಇಷ್ಟದಿಂದಲ್ಲ. ಜೈಲಿನ ಹೊಡೆದಾಟದ ವಿಡಿಯೋ ನೋಡುವವರು ಒಂದು ಪುಟ ಬರೆದು ಮುಚ್ಚಿಡಬೇಕಂತೆ, ನೋಡಿದ್ದನ್ನು ಮನೆಗೆ ಹೊತ್ತುಕೊಂಡು ಹೋಗಬಾರದಂತೆ. ಜೈಲು ಇಲಾಖೆಯ ವೈದ್ಯೆಯ ಅಪ್ಪಣೆ. ಅವಳು ಇದನ್ನು ಓದುವುದಿಲ್ಲ, ಯಾರೂ ಓದುವುದಿಲ್ಲ. ಹಾಗಾದರೆ ಸರಿ.

ಕಳೆದ ವಾರ ಮಲ್ಲಾಬಿ ಜೈಲಿನಲ್ಲಿ ಒಬ್ಬ ಕೈದಿ ಕುದಿಯುವ ನೀರಿಗೆ ಸಕ್ಕರೆ ಕರಗಿಸಿ ಕಾವಲುಗಾರನ ಮುಖಕ್ಕೆ ಎರಚಿದ. ನಾನು ಇಲಾಖೆಯ ಅಂಕಿಅಂಶದವಳು, ನಮ್ಮ ನಿರ್ದೇಶಕ ಹ್ಯಾನ್ರಹನ್ ಬೆಳಿಗ್ಗೆಯೇ ಕರೆಸಿದ. ಎರಡು ವರ್ಷದ ದಾಖಲೆ ನೋಡಿ, ಆರು ಬ್ಲಾಕುಗಳಲ್ಲಿ ಯಾವುದು ಕೆಟ್ಟದ್ದೆಂದು ಲೆಕ್ಕ ಹಾಕಿ ಹೇಳು, ಅದಕ್ಕೆ ಬೀಗ ಜಡಿಯುತ್ತೇನೆ ಎಂದ. ಬೀಗ ಎಂದರೆ ದಿನಕ್ಕೆ ಇಪ್ಪತ್ತೆರಡು ಗಂಟೆ ಕೋಣೆಯೊಳಗೆ. ಒಂದೊಂದು ಬ್ಲಾಕಿನಲ್ಲಿ ಅರವತ್ತು ಗಂಡಸರಿದ್ದಾರೆ. ನನ್ನ ಲೆಕ್ಕ ಯಾವ ಬ್ಲಾಕಿನತ್ತ ಬೆರಳು ತೋರಿಸುತ್ತದೋ ಆ ಅರವತ್ತು ಜನ ಜನವರಿ, ಫೆಬ್ರುವರಿಯ ಈ ಸುಡುಬೇಸಿಗೆಯನ್ನು ಪೆಟ್ಟಿಗೆಯೊಳಗೆ ಬೇಯುತ್ತಾ ಕಳೆಯಬೇಕು. ಆದ್ದರಿಂದ ತಪ್ಪಬಾರದು. ನಾನು ತಪ್ಪುವವಳೂ ಅಲ್ಲ.

ಒಟ್ಟು 214 ವಿಡಿಯೋ. ಪ್ರತಿಯೊಂದಕ್ಕೂ ದರ್ಜೆ ಕೊಡಬೇಕು. ಒಂದು ಎಂದರೆ ತಳ್ಳಾಟ, ಎರಡು ಹೊಡೆತ, ಮೂರು ಗಾಯ, ನಾಲ್ಕು ಆಸ್ಪತ್ರೆ. ಒಂದನೇ ದರ್ಜೆ ಲೆಕ್ಕಕ್ಕಿಲ್ಲ. ಅದನ್ನೂ ಎಣಿಸುತ್ತಾ ಕೂತರೆ ಜಗತ್ತೇ ಜೈಲಾಗುತ್ತದೆ.

ಜನವರಿ 9, ಗುರುವಾರ

ಮೂವತ್ತೊಂದು ನೋಡಿ ಮುಗಿಸಿದೆ. ವಿಡಿಯೋಗಳಿಗೆ ಸದ್ದಿಲ್ಲ. ಬಾಯಿ ತೆರೆಯುತ್ತದೆ, ಕೂಗು ಕೇಳಿಸುವುದಿಲ್ಲ. ಹದಿನೇಳನೆಯದರಲ್ಲಿ ಒಬ್ಬ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ನೆಲಕ್ಕೆ ಉಜ್ಜಿ ಮೊನೆ ಮಾಡಿಕೊಂಡು ಬಂದು, ಸಾಲಿನಲ್ಲಿ ತನ್ನ ಮುಂದೆ ನಿಂತವನ ಕಿವಿಯ ಹಿಂದೆ ನಾಲ್ಕು ಸಲ ಚುಚ್ಚಿದ. ಚುಚ್ಚಿಸಿಕೊಂಡವನು ಕೈಯಲ್ಲಿದ್ದ ತಟ್ಟೆ ಬೀಳದಂತೆ ಹಿಡಿದುಕೊಂಡೇ ಕುಸಿದ. ನಾಲ್ಕನೇ ದರ್ಜೆ.

ಮನೆಗೆ ಬಂದರೆ ಕ್ಲೈವ್ ಮಾಂಸ, ತರಕಾರಿ ತುಂಬಿದ ಪಾಸ್ಟಿ ಕಡುಬು ಮಾಡಿದ್ದ. ನನ್ನ ಗಂಡ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾನೆ. ಬೇಸಿಗೆ ರಜೆಯಲ್ಲಿ ಅಡುಗೆಮನೆ ಅವನದು. ಒಳಗಿನ ಟರ್ನಿಪ್ ಗೆಡ್ಡೆ ಬೆಂದಿರಲಿಲ್ಲ. ತಟ್ಟೆ ಗೋಡೆಗೆ ಹೋಗಿ ಬಿತ್ತು. ಮಗಳು ಟ್ಯಾಮ್ಸಿನ್ ನಕ್ಕಳು, ಆಮೇಲೆ ನನ್ನ ಮುಖ ನೋಡಿ ಪೊರಕೆ ತರಲು ಎದ್ದಳು. ಹದಿಮೂರು ವರ್ಷದವರಿಗೆ ಎಲ್ಲವೂ ನಗೆಯೇ. ಟರ್ನಿಪ್ ಹಸಿ ಇದ್ದದ್ದು ನಿಜ, ಕ್ಲೈವನೂ ಒಪ್ಪಿದ.

ಜನವರಿ 15, ಬುಧವಾರ

ಮಲ್ಲಾಬಿಗೆ ಹೋಗಿಬಂದೆ. ಗಾಲರ್‌ನ ನಮ್ಮ ಮನೆಯಿಂದ ಐವತ್ತು ನಿಮಿಷದ ದಾರಿ. ಎರಡೂ ಕಡೆ ಕೊಯ್ದ ಗೋಧಿ ಹೊಲ, ಬಿಸಿಗಾಳಿ.

ಇ ಬ್ಲಾಕಿನ ಮುಖ್ಯಸ್ಥ ಡೆಸ್ ವೋಲ್ಕರ್ ಸಿಕ್ಕ. ಅರವತ್ತರ ಹತ್ತಿರದವನು, ಇಪ್ಪತ್ತಾರು ವರ್ಷದ ನೌಕರಿ, ಮುರಿದು ಕೂಡಿಸಿದ ಮೂಗು. ಅವನ ಬ್ಲಾಕಿನಲ್ಲೊಂದು ಅಡುಗೆಕೋಣೆ ಇದೆ. ಭಾನುವಾರ ಕೈದಿಗಳೇ ಕುರಿಮಾಂಸ ಸುಟ್ಟು ಒಟ್ಟಿಗೆ ಕೂತು ತಿನ್ನುತ್ತಾರೆ. ಚಾಕುಗಳನ್ನು ಉಕ್ಕಿನ ತಂತಿಯಿಂದ ಮೇಜಿಗೆ ಕಟ್ಟಿದ್ದಾರೆ. ಕುತ್ತಿಗೆಗೆ ಎಟುಕದಷ್ಟು ಗಿಡ್ಡ ತಂತಿ, ಈರುಳ್ಳಿಗೆ ಸಾಕಾಗುವಷ್ಟು ಉದ್ದ. ಭಾನುವಾರದ ಊಟ ತಪ್ಪಬಾರದೆಂದು ವಾರವಿಡೀ ಕೈ ಕಟ್ಟಿಕೊಂಡಿರುತ್ತಾರೆ ಎಂದ.

ದಾಖಲೆಯ ಬಗ್ಗೆ ಕೇಳಿದೆ. ಡೆಸ್ ನಕ್ಕ.

"ನನ್ ಬ್ಲಾಕಲ್ಲಿ ಒಬ್ಬ ಇನ್ನೊಬ್ಬನ ಮೇಲೆ ಕೆಮ್ಮಿದ್ರೂ ಬರೀತೀನಮ್ಮ. ಎ ಬ್ಲಾಕಲ್ಲಿ ಪೆನ್ನೇ ಇಲ್ಲ. ಅಲ್ಲಿ ಬಾಗ್ಲು ಹಾಕ್ಕೊಂಡು ಅವರವರೇ ಬಗೆಹರಿಸ್ಕೋತಾರೆ, ಆಮೇಲೆ ನೆಲ ಒರೆಸ್ತಾರೆ. ಕಾಗದದ ಮೇಲೆ ನೋಡಿದ್ರೆ ಮಠ ಇದ್ದಂಗೆ ಇರತ್ತೆ."

ಎ ಬ್ಲಾಕಿನ ಕಡತ ತೆಗೆದು ನೋಡಿದೆ. ಎರಡು ವರ್ಷಕ್ಕೆ ಒಂಬತ್ತೇ ಘಟನೆ. ಜೈಲಿನ ದವಾಖಾನೆಯ ಪಟ್ಟಿಯಲ್ಲಿ ಅದೇ ಬ್ಲಾಕಿನಿಂದ ನಲವತ್ತು ಜನ "ಮೆಟ್ಟಿಲಿಂದ ಬಿದ್ದಿದ್ದಾರೆ". ಎ ಬ್ಲಾಕಿಗೆ ಮೆಟ್ಟಿಲೇ ಇಲ್ಲ. ಇದನ್ನು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಜನವರಿ 24, ಶುಕ್ರವಾರ

ನಲವತ್ನಾಲ್ಕು ಡಿಗ್ರಿ. 160 ಮುಗಿಯಿತು. ಈಗ ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ. ಹೆಗಲು ತಿರುಗುವ ರೀತಿ ನೋಡಿದರೇ ಹೊಡೆತ ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತದೆ. ಕೈಯಲ್ಲಿ ಜೋರಿರುವವನಿಗಿಂತ ಮೊದಲು ಹೊಡೆಯುವವನೇ ಗೆಲ್ಲುತ್ತಾನೆ. ಇಷ್ಟು ಸರಳ ವಿಷಯ ಗೊತ್ತಾಗಲು ನಲವತ್ತನಾಲ್ಕು ವರ್ಷ ಬೇಕಾಯಿತು.

ಸಂಜೆ ಕ್ಲೈವ್ ಮಾತಾಡಬೇಕು ಎಂದು ಹಿಂಬಾಗಿಲಿಗೆ ಅಡ್ಡ ನಿಂತ. ನನಗೆ ಹೊರಗೆ ಹೋಗಬೇಕಿತ್ತು. ಸರಿಸಿದೆ. ಅವನ ಮೊಣಕೈ ಚೌಕಟ್ಟಿಗೆ ಬಡಿದು ಚರ್ಮ ಕಿತ್ತುಬಂತು. ಆ ಸೆಕೆಯಲ್ಲಿ ಯಾರು ಯಾರಿಗೆ ಅಡ್ಡ ನಿಲ್ಲುತ್ತಾರೆ? ಒಂದನೇ ದರ್ಜೆ.

ಫೆಬ್ರುವರಿ 4, ಮಂಗಳವಾರ

ಲೆಕ್ಕ ಮುಗಿಯಿತು. ಪದರದ ಮೇಲೆ ಪದರವಿಟ್ಟು ಕಟ್ಟುವ ಲೆಕ್ಕ ಇದು: ಕೆಳಗೆ ವಾರಗಳು, ಅದರ ಮೇಲೆ ಮನುಷ್ಯ, ಮನುಷ್ಯರ ಮೇಲೆ ಬ್ಲಾಕು. ಒಬ್ಬನೇ ಪುಂಡ ಹತ್ತು ವಾರ ಹೊಡೆದಾಡಿದರೆ ಅದು ಹತ್ತು ಜನರ ಜಗಳವೆಂದು ಎಣಿಕೆಯಾಗಬಾರದಲ್ಲ, ಅದಕ್ಕೆ.

ಇದಕ್ಕೆ ಎರಡು ರೀತಿ ಪ್ರಶ್ನೆ ಕೇಳಬಹುದು. ಮೊದಲನೆಯದು ಒಟ್ಟು ಪ್ರಶ್ನೆ. ಆರೂ ಬ್ಲಾಕುಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಂಡರೆ ಅವುಗಳ ನಡುವೆ ವ್ಯತ್ಯಾಸ ಅಂತ ಒಂದಿದೆಯೇ? ಹಾಗೆನ್ನಲು ಆಧಾರ ಸಾಲದು ಎಂಬುದು ಉತ್ತರ. ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಏರುಪೇರು ನೂರಕ್ಕೆ ಹತ್ತೊಂಬತ್ತು ಸಲ ತಾನಾಗಿ ಬರುತ್ತದೆ. ಎರಡನೆಯದು ಬಿಡಿ ಪ್ರಶ್ನೆಗಳು. ಎ ಬ್ಲಾಕಿನ ಪಕ್ಕದಲ್ಲಿಟ್ಟರೆ ಬಿ ಹೇಗೆ, ಸಿ ಹೇಗೆ, ಹೀಗೆ ಐದು ಸಾಲು. ನಾಲ್ಕು ಸಾಲು ತೆಪ್ಪಗಿವೆ. ಇ ಬ್ಲಾಕಿನ ಸಾಲಿನ ಕೊನೆಗೆ ಮಾತ್ರ ಒಂದು ಪುಟ್ಟ ನಕ್ಷತ್ರ: ಇಷ್ಟು ವ್ಯತ್ಯಾಸ ತಾನಾಗಿ ಬರುವುದು ನೂರಕ್ಕೆ ಮೂರೇ ಸಲ ಎಂದು ಕಂಪ್ಯೂಟರ್ ಹಾಕುವ ಗುರುತು.

ಹೊಸಬರು ಈ ನಕ್ಷತ್ರ ಕಂಡರೆ ಕುಣಿದಾಡುತ್ತಾರೆ. ಐದು ಸಲ ಬಲೆ ಬೀಸಿದರೆ ಒಂದರಲ್ಲಾದರೂ ಏನೋ ಒಂದು ಸಿಕ್ಕಿಬೀಳುತ್ತದೆ, ಅದು ಮೀನೇ ಆಗಬೇಕೆಂದಿಲ್ಲ. ಇನ್ನೊಂದು ವಿಷಯ: ಎಲ್ಲರನ್ನೂ ಎ ಬ್ಲಾಕಿಗೇ ಏಕೆ ಹೋಲಿಸಬೇಕು? ಅಕ್ಷರಮಾಲೆಯಲ್ಲಿ ಮೊದಲು ಬರುತ್ತದೆಂದು ಕಂಪ್ಯೂಟರ್ ತಾನೇ ಅದನ್ನು ಅಳತೆಗೋಲಾಗಿ ಆರಿಸಿಕೊಂಡಿತು, ಅಷ್ಟೆ. ಏನನ್ನೂ ಬರೆದಿಡದ ಬ್ಲಾಕನ್ನು ಅಳತೆಗೋಲು ಮಾಡಿದರೆ ಎಲ್ಲವನ್ನೂ ಬರೆದಿಡುವವನು ರಾಕ್ಷಸನಂತೆ ಕಾಣದೆ ಇನ್ನೇನು? ಸಿ ಬ್ಲಾಕನ್ನು ಅಳತೆಗೋಲು ಮಾಡಿ ನೋಡಿದೆ. ನಕ್ಷತ್ರ ಮಾಯ. ಒಟ್ಟು ಪ್ರಶ್ನೆಯ ಉತ್ತರ ಮಾತ್ರ ಯಾರನ್ನು ಅಳತೆಗೋಲು ಮಾಡಿದರೂ ಕದಲಲಿಲ್ಲ. ಅದನ್ನೇ ಮೊದಲು ನೋಡಬೇಕು ಎನ್ನುವುದು ಇದಕ್ಕೇ.

ನಾಲ್ಕು ಪುಟ ಬರೆದಿದ್ದೇನೆ. ಯಾವ ಬ್ಲಾಕಿಗೂ ಬೀಗ ಹಾಕಲು ಇದರಲ್ಲಿ ಕಾರಣವಿಲ್ಲ ಎಂಬುದೇ ಅದರ ಮೊದಲ ವಾಕ್ಯ.

ಫೆಬ್ರುವರಿ 6, ಗುರುವಾರ

ಹ್ಯಾನ್ರಹನ್ ನಾಲ್ಕು ಪುಟವನ್ನು ಹಿಂದಕ್ಕೆ ಎಸೆದ. ಮಂತ್ರಿಗೆ ಒಂದೇ ಪುಟ ಕೊಡಬೇಕು, ಒಂದು ಕೋಷ್ಟಕ ಸಾಕು ಎಂದ. ಮೊದಲ ವಾಕ್ಯ ಓದಿ, "ಏನೂ ಇಲ್ಲ ಅಂತ ಹೇಳಕ್ಕೆ ನಿಂಗೆ ಒಂದು ತಿಂಗ್ಳು ಬೇಕಾಯ್ತಾ" ಎಂದು ಕೇಳಿದ. ಆಮೇಲೆ ನಕ್ಷತ್ರದ ಮೇಲೆ ಬೆರಳಿಟ್ಟು, ಇದೇನು ಹಾಗಾದರೆ, ಸೊಳ್ಳೆಯಾ ಎಂದ. ಅವನ ಕುತ್ತಿಗೆ ಗಿಡ್ಡ. ಎರಡು ಹೆಬ್ಬೆರಳಿಗೆ ಸರಿಯಾಗಿ ಸಿಗುತ್ತದೆ.

ಕತ್ತರಿಸಿದೆ. ಐದು ಸಾಲಿನ ಕೋಷ್ಟಕ ಉಳಿಸಿಕೊಂಡೆ. ಒಟ್ಟು ಪ್ರಶ್ನೆಯ ಉತ್ತರವನ್ನು ಕೆಳಗೆ ಟಿಪ್ಪಣಿ ಮಾಡಿದೆ. ಟಿಪ್ಪಣಿಯಿಂದಾಗಿ ಎರಡನೆಯ ಪುಟಕ್ಕೆ ಮೂರು ಸಾಲು ಹೋಗುತ್ತಿತ್ತು. ಅದನ್ನೂ ತೆಗೆದೆ. ಎ ಬ್ಲಾಕಿನ ಮೆಟ್ಟಿಲಿನ ಮಾತು ಆಗಲೇ ಹೋಗಿತ್ತು. ಕೋಷ್ಟಕದಲ್ಲಿ ಒಂದೂ ಸುಳ್ಳಿಲ್ಲ. ಓದಲು ಬರುವವರು ಓದಿಕೊಳ್ಳಲಿ.

ಮನೆಯಲ್ಲಿ ಟ್ಯಾಮ್ ಊಟದ ಮೇಜಿನಲ್ಲಿ ಫೋನು ಹಿಡಿದುಕೊಂಡಿದ್ದಳು. ಒಂದು ಸಲ ಹೇಳಿದೆ. ಎರಡನೆಯ ಸಲ ಕಿತ್ತುಕೊಂಡು ನೆಲಕ್ಕೆ ಬಡಿದೆ. ಮೂರು ತುಂಡಾಯಿತು. ಅವಳ ವಯಸ್ಸಿನಲ್ಲಿ ನನಗೆ ಫೋನೇ ಇರಲಿಲ್ಲ, ನಾನೇನು ಸತ್ತೆನೇ?

ಫೆಬ್ರುವರಿ 12, ಬುಧವಾರ

ಇ ಬ್ಲಾಕಿಗೆ ಬೀಗ ಬಿತ್ತು. ಅಡುಗೆಕೋಣೆ ಮುಚ್ಚಿ, ತಂತಿ ಕತ್ತರಿಸಿ ಚಾಕುಗಳನ್ನು ಒಯ್ದರು. ಡೆಸ್‌ನನ್ನು ಹೆಬ್ಬಾಗಿಲಿಗೆ ಹಾಕಿದ್ದಾರೆ, ಬಂದವರ ಚೀಲ ತಪಾಸಣೆ ಮಾಡಲು. ಅವನ ಜಾಗಕ್ಕೆ ಎ ಬ್ಲಾಕಿನ ಮುಖ್ಯಸ್ಥನನ್ನೇ ತಂದಿದ್ದಾರೆ. ಅವನ ಬ್ಲಾಕು ಶಾಂತವಾಗಿತ್ತಲ್ಲ.

ಕಾರಿನ ಬಾಗಿಲು ಹಾಕುವಾಗ ಕ್ಲೈವನ ಬೆರಳು ಸಿಕ್ಕಿಕೊಂಡಿತು. ಹೋಗಬೇಡ, ಮೊದಲು ಕೂತು ಮಾತಾಡೋಣ ಎಂದು ಬಾಗಿಲು ಹಿಡಿದುಕೊಂಡಿದ್ದ. ಹೊತ್ತಾಗಿದೆ, ಬಿಡು ಎಂದೆ. ಅವನು ಬಿಡಲಿಲ್ಲ, ನಾನು ಎಳೆದುಕೊಂಡೆ. ಎರಡು ಉಗುರು ಹೋಗಿವೆ. ಮರಗೆಲಸದವನಿಗೆ ಬೆರಳನ್ನು ಎಲ್ಲಿಡಬೇಕೆಂದು ನಾನು ಹೇಳಿಕೊಡಬೇಕೇ?

ಫೆಬ್ರುವರಿ 20, ಗುರುವಾರ

ಮಧ್ಯಾಹ್ನ ಡೆಸ್ ಫೋನ್ ಮಾಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಎಂಟು ದಿನದಿಂದ ಹುಡುಗರು ಬಾಗಿಲು ಒದೆಯುತ್ತಿದ್ದಾರೆ, ಹೆಬ್ಬಾಗಿಲಿನವರೆಗೂ ಕೇಳಿಸುತ್ತದೆ ಎಂದ. ಕೋಣೆಯೊಳಗೆ ಐವತ್ತು ಡಿಗ್ರಿಯಂತೆ. ಈಗ ಅಲ್ಲಿ ಯಾರೂ ಏನೂ ಬರೆಯುತ್ತಿಲ್ಲವಂತೆ. ದಾಖಲೆ ಪ್ರಕಾರ ಇ ಬ್ಲಾಕು ಬಂಗಾರವಾಗಿದೆ.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ" ಎಂದ. "ಆ ಕಾಗದದಲ್ಲಿರೋದು ನಿಜಾನಾ? ನನ್ ಹುಡುಗ್ರು ಬೇರೆಯವ್ರಿಗಿಂತ ಕೆಟ್ಟವ್ರಾ?"

ಕೋಷ್ಟಕದಲ್ಲಿರುವುದು ತಪ್ಪಲ್ಲ ಎಂದೆ.

"ಅದನ್ನಲ್ಲಮ್ಮ ನಾನ್ ಕೇಳಿದ್ದು" ಎಂದು ಫೋನಿಟ್ಟ.

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಬೇಗ ಮನೆಗೆ ಬಂದೆ. ಟ್ಯಾಮ್ ಶಾಲೆಯಿಂದ ಬಂದು ಬ್ರೆಡ್ಡಿನೊಳಗೆ ಫ್ರಿಟ್ಜ್ ಮಾಂಸದ ಹೋಳು ಇಟ್ಟುಕೊಂಡು ತಿನ್ನುತ್ತಿದ್ದವಳು ನನ್ನನ್ನು ನೋಡಿದೊಡನೆ ಎದ್ದು ನಿಂತಳು. ಯಾಕೆ ಎದ್ದೆ ಎಂದೆ. ಸುಮ್ಮನೆ ಎಂದಳು. ಸುಮ್ಮನೆ ಯಾರಾದರೂ ಏಳುತ್ತಾರೆಯೇ? ಯಾಕೆ ಎದ್ದೆ ಎಂದು ಮತ್ತೆ ಕೇಳಿದೆ. ಗೋಡೆಗೆ ಬೆನ್ನು ಕೊಟ್ಟುಕೊಂಡು ನಿಂತಳೇ ಹೊರತು ಬಾಯಿ ಬಿಡಲಿಲ್ಲ. ಕೆನ್ನೆಗೆ ಕೊಟ್ಟೆ. ಉತ್ತರ ಕೊಡದಿರುವುದೂ ಒಂದು ಉದ್ಧಟತನ. ತುಟಿ ಒಡೆದದ್ದು ಅವಳ ಹಲ್ಲಿನ ತಂತಿಯಿಂದ.

ಫೆಬ್ರುವರಿ 26, ಬುಧವಾರ

ಮಂಗಳವಾರ ಬೆಳಿಗ್ಗೆ ಇ ಬ್ಲಾಕು ಒಡೆಯಿತು. ಸ್ನಾನಕ್ಕೆಂದು ಹತ್ತು ಕೋಣೆ ತೆರೆದಿದ್ದರಂತೆ. ಇಪ್ಪತ್ತಾರು ನಿಮಿಷದ ವಿಡಿಯೋ. ಇಂದು ನಾನೇ ದರ್ಜೆ ಕೊಟ್ಟೆ.

ಹೊಸ ಮುಖ್ಯಸ್ಥನನ್ನು ಕಾಲು ಹಿಡಿದು ಎಳೆದುಕೊಂಡು ಹೋದರು. ತಲೆ ಮೂರು ಸಲ ಹೊಸ್ತಿಲಿಗೆ ಬಡಿಯಿತು. ಬಿಡಿಸಲು ಹೋದವನು ಇಪ್ಪತ್ತಮೂರು ವರ್ಷದ ಒಬ್ಬ ಕೈದಿ. ಮಂಚದಿಂದ ಕಿತ್ತ ಕಬ್ಬಿಣದ ಪಟ್ಟಿಯ ತುದಿ ಅವನ ಎಡಗಣ್ಣಿಗೆ ಹೋಯಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆ ತಡವುತ್ತಾ ಅಡುಗೆಕೋಣೆಯ ಬಾಗಿಲ ತನಕ ಹೋದ. ಬೀಗ ಹಾಕಿತ್ತು. ಅಲ್ಲೇ ಕೂತ. ನಾಲ್ಕು, ನಾಲ್ಕು, ಮೂರು, ನಾಲ್ಕು.

ಟಿಪ್ಪಣಿಯ ಮೂರು ಸಾಲು ಇದ್ದಿದ್ದರೆ ಆ ಕಣ್ಣು ಇರುತ್ತಿತ್ತು. ಬರೆದು ನೋಡಿದೆ. ಬರೆದರೂ ಹಗುರಾಗಲಿಲ್ಲ, ವೈದ್ಯೆಗೆ ಹೇಳಬೇಕು.

ಮನೆಯಲ್ಲಿ ಮತ್ತೆ ಅದೇ ಟ್ಯಾಮ್, ಅದೇ ಗೋಡೆ. ಕ್ಲೈವ್ ನಡುವೆ ಬಂದ. ಪೊರಕೆಯ ಕೋಲು ಅವನ ಬೆನ್ನ ಮೇಲೆ ಮುರಿಯಿತು. ಹಳೆಯ ಕೋಲು. ನಡುವೆ ಬರುವವರಿಗೇ ಜಾಸ್ತಿ ಬೀಳುತ್ತದೆ, 214 ವಿಡಿಯೋ ನೋಡಿದ್ದೇನೆ.

ಮಾರ್ಚ್ 5, ಬುಧವಾರ

ಮನೆ ನಿಶ್ಶಬ್ದವಾಗಿದೆ. ಕ್ಲೈವ್, ಟ್ಯಾಮ್ ಇಬ್ಬರೂ ಕಡೀನಾ ಊರಿನಲ್ಲಿರುವ ಅವನ ಅಕ್ಕನ ಮನೆಗೆ ಹೋಗಿದ್ದಾರೆ. ಗಾಳಿ ಬದಲಾವಣೆ ಇರಬೇಕು. ಶಾಲೆ ತೆರೆದು ಒಂದು ತಿಂಗಳಾಯಿತು, ಅದನ್ನು ಅವನಿಗೆ ನೆನಪಿಸಲು ಫೋನ್ ಮಾಡಿದರೆ ಅವನ ಅಕ್ಕ ಎತ್ತಿಕೊಂಡು, ಅವನೀಗ ಮಾತಾಡಲ್ಲ ಎಂದು ಇಟ್ಟಳು.

ಇವತ್ತು ಇ ಬ್ಲಾಕಿನ ಗಲಭೆಯ ವಿಚಾರಣಾ ಸಮಿತಿಯ ಮುಂದೆ ನನ್ನ ಹೇಳಿಕೆ. ಏನನ್ನೂ ಮುಚ್ಚಿಡಲಿಲ್ಲ. ನಾಲ್ಕು ಪುಟವನ್ನೂ ಒಂದು ಪುಟವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಕತ್ತರಿಸಲು ಹೇಳಿದ್ದು ಹ್ಯಾನ್ರಹನ್, ಕತ್ತರಿಸಿದ ಕೈ ನನ್ನದು ಎಂದೆ. ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಸಣ್ಣ ಕಣ್ಣಿನ ಮುದುಕಿ. ನನ್ನಂಥವಳಿಗೆ ಅರ್ಥವಾಗುವ ಹಾಗೆ ಹೇಳು ಎಂದಳು.

"ಒಂದೊಂದನ್ನೇ ಎತ್ತಿ ನೋಡಿದ್ರೆ ನಮಗೆ ಬೇಕಾದ್ದು ಸಿಗತ್ತೆ ಮೇಡಂ" ಎಂದೆ. "ಯಾರನ್ನೋ ಹಿಡಿಬೇಕು ಅಂದ್ರೆ ಹಿಡಿಬಹುದು, ಬಿಡಬೇಕು ಅಂದ್ರೆ ಬಿಡಬಹುದು. ಮೊದ್ಲು ಎಲ್ಲಾನೂ ಒಟ್ಟಿಗೆ ಇಟ್ಕೊಂಡು ನೋಡ್ಬೇಕು. ಬಿಡಿಬಿಡಿಯಾಗಿ ಒಂದಕ್ಕೂ ನಕ್ಷತ್ರ ಬೀಳದೆ, ಒಟ್ಟಿಗೆ ನೋಡಿದ್ರೆ ಎದ್ದು ಕಾಣೋದೂ ಉಂಟು. ಇನ್ನು ಎ ಬ್ಲಾಕಿನ ವಿಷ್ಯ, ಬರೆದಿಲ್ಲ ಅಂದ್ರೆ ನಡೆದಿಲ್ಲ ಅಂತಲ್ಲ."

ಅವಳು ಕೊನೆಯ ಮಾತನ್ನು ಬರೆದುಕೊಂಡಳು. ಹದಿನೈದು ವರ್ಷದ ನೌಕರಿಯಲ್ಲಿ ಇಷ್ಟು ಚೆನ್ನಾಗಿ ನಾನು ಯಾವತ್ತೂ ವಿವರಿಸಿರಲಿಲ್ಲ.

ಹೊರಗೆ ಡೆಸ್ ನಿಂತಿದ್ದ. ಅವನಿಗೆ ಬ್ಲಾಕು ವಾಪಸ್ಸು ಸಿಗುತ್ತದೆ, ಬೀಗವೂ ತೆಗೆಯುತ್ತಾರೆ. ಕೈ ಚಾಚಿದೆ. ಅವನು ನನ್ನ ಕೈಯನ್ನೇ ಒಂದು ಕ್ಷಣ ನೋಡಿದ. ಗೆಣ್ಣುಗಳು ಇನ್ನೂ ಊದಿಕೊಂಡಿವೆ.

"ಆ ಕಣ್ಣು ಹೋದ ಹುಡುಗ ಭಾನುವಾರ ಗ್ರೇವಿ ಮಾಡ್ತಿದ್ದ" ಎಂದು ಹೇಳಿ ಹೊರಟುಹೋದ.

ಕಾರಿನಲ್ಲಿ ಕೂತು ಅತ್ತೆ. ಬಹಳ ಹೊತ್ತು ಅತ್ತೆ.

ಮಾರ್ಚ್ 16, ಭಾನುವಾರ

ಶುಕ್ರವಾರ ಪೊಲೀಸಿನವಳು ಬಂದು ಒಂದು ಲಕೋಟೆ ಕೊಟ್ಟು ಹೋದಳು. ನಾನು ಕ್ಲೈವ್ ಮತ್ತು ಟ್ಯಾಮ್‌ಳ ಹತ್ತಿರ ಹೋಗಬಾರದೆಂದು ಆಜ್ಞೆ ಬೇಕಂತೆ. ಕ್ಲೈವ್ ನ್ಯಾಯಾಲಯಕ್ಕೆ ಬರೆದುಕೊಟ್ಟಿದ್ದಾನೆ. ನಾಳೆ ಹತ್ತು ಗಂಟೆಗೆ ವಿಚಾರಣೆ. ನ್ಯಾಯಾಧೀಶರು ಒಪ್ಪಿಬಿಟ್ಟರೆ ನನ್ನ ಮಗಳನ್ನು ನಾನು ನೋಡುವ ಹಾಗಿಲ್ಲ.

ಅದರ ಜೊತೆಗೆ ಒಂದು ಪಟ್ಟಿ ಇಟ್ಟಿದ್ದಾನೆ. ಹನ್ನೊಂದು ತಾರೀಕು, ಪ್ರತಿಯೊಂದರ ಮುಂದೆ ಒಂದು ಸಾಲು. ಬೆರಳು ಕೆಟ್ಟಿರುವುದರಿಂದ ಅಕ್ಷರ ಸೊಟ್ಟಗಿದೆ. ಮದುವೆಯಾಗಿ ಹದಿನಾರು ವರ್ಷವಾದ ಮೇಲೆ ನನ್ನ ಮೇಲೆ ಪಟ್ಟಿ ಮಾಡುತ್ತಾ ಕೂತಿದ್ದನಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಆಮೇಲೆ ನೀರು ಕುಡಿದು, ಲೆಕ್ಕದ ಕೆಲಸದವರು ಮಾಡುವ ಹಾಗೆ, ಪೆನ್ನು ತೆಗೆದುಕೊಂಡು ಕೂತೆ. ಒಂದೊಂದೇ ಸಾಲು ತೆಗೆದುಕೊಂಡೆ.

ಜನವರಿ 9, ಹಸಿ ಟರ್ನಿಪ್. 24, ನಲವತ್ನಾಲ್ಕು ಡಿಗ್ರಿ. ಫೆಬ್ರುವರಿ 6, ಆ ದಿನ ಹ್ಯಾನ್ರಹನ್ ಏನು ಮಾಡಿದ್ದ ಎಂದು ಯಾರಾದರೂ ಕೇಳಿದ್ದಾರೆಯೇ? 12, ಬಾಗಿಲು ಹಿಡಿದವನು ಅವನು. 20, ಹಲ್ಲಿನ ತಂತಿ. 26, ಹಳೆಯ ಕೋಲು, ನಡುವೆ ಬಂದವನೂ ಅವನೇ. ಒಂದೊಂದಕ್ಕೂ ಕಾರಣವಿದೆ, ಒಂದರ ಕಾರಣ ಇನ್ನೊಂದಕ್ಕೆ ಸಂಬಂಧಪಟ್ಟದ್ದಲ್ಲ. ಒಂದೊಂದನ್ನೂ ಬಿಡಿಯಾಗಿ ನೋಡಿ ಎಂದು ನ್ಯಾಯಾಧೀಶರನ್ನು ಕೇಳಿಕೊಳ್ಳುತ್ತೇನೆ. ಆರು ಸಾಲು ಹೊಡೆದುಹಾಕಿದೆ.

ಉಳಿದದ್ದು ಐದು. ಜನವರಿ 18, 31. ಫೆಬ್ರುವರಿ 1, 15, 23. ಫೆಬ್ರುವರಿ 15ರ ಮುಂದೆ, ಟ್ಯಾಮ್‌ಳ ಕೂದಲು ಹಿಡಿದು ಕಾರಿನಿಂದ ಅಂಗಳಕ್ಕೆ ಎಳೆದು ಒದ್ದಳು ಎಂದು ಬರೆದಿದ್ದಾನೆ. 23ರ ಮುಂದೆ ಬರೆದದ್ದನ್ನು ನಾನಿಲ್ಲಿ ಬರೆಯುವುದಿಲ್ಲ.

ಈ ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಎರಡು ಸಲ ತಿರುವಿ ನೋಡಿದೆ. ಆ ಐದು ದಿನಗಳಲ್ಲಿ ಏನೂ ಇಲ್ಲ. ನಡೆದದ್ದನ್ನೆಲ್ಲ ಬರೆದಿದ್ದೇನೆ, ತಟ್ಟೆ ಬಿದ್ದದ್ದನ್ನೂ ಬಿಟ್ಟಿಲ್ಲ. ನಡೆದಿದ್ದರೆ ಬರೆದಿರುತ್ತಿದ್ದೆ. ನಾಳೆ ಈ ಪುಸ್ತಕವನ್ನೇ ತೆಗೆದುಕೊಂಡು ಹೋಗಿ ನ್ಯಾಯಾಧೀಶರ ಕೈಗೆ ಕೊಡುತ್ತೇನೆ, ಅವರೇ ಓದಿ ನೋಡಲಿ.